ರಾತ್ರಿ ಮೂರಕ್ಕೆ ಎದ್ದು ಕೂರುವವರು ಇಲ್ಲಿ ಯಾರಾದರೂ ಇದ್ದೀರಾ?

ಮಳೆ_ಲೆಕ್ಕ (ಮೂಡಿಗೆರೆ ಕಡೆ), ಮಾರ್ಚ್ 4, ಬೆಳಗಿನ ಜಾವ 3:20

ನಮಸ್ಕಾರ. ಈ ಹೊತ್ತಿನಲ್ಲಿ ಬರೆಯುತ್ತಿದ್ದೇನೆ ಅಂದರೆ ವಿಷಯ ಏನು ಅಂತ ನಿಮಗೇ ಅಂದಾಜಾಗಿರುತ್ತದೆ.

ನನಗೆ 36. ಹತ್ತು ವರ್ಷ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿದೆ. ಅಪ್ಪ ತೀರಿಕೊಂಡ ಮೇಲೆ ಊರಿಗೆ ಬಂದೆ. ಎಂಟು ಎಕರೆ ಕಾಫಿ ತೋಟ. ಮುಕ್ಕಾಲು ಪಾಲು ರೋಬಸ್ಟಾ, ಉಳಿದದ್ದು ಅರೇಬಿಕಾ, ಮರಕ್ಕೆ ಮೆಣಸು. ಸಾಲ ಇದೆ, ಕುತ್ತಿಗೆಗೆ ಬರುವಷ್ಟಿಲ್ಲ. ಮನೆಯಲ್ಲಿ ಅಮ್ಮ, ಹೆಂಡತಿ, ಐದು ವರ್ಷದ ಮಗಳು. "ನಿನಗೇನಪ್ಪಾ, ಆರಾಮ" ಅನ್ನುತ್ತಾರೆ ನೋಡಿದವರು. ಹಗಲು ಹೊತ್ತು ನಾನೂ ಹಾಗೇ ಅಂದುಕೊಳ್ಳುತ್ತೇನೆ.

ರಾತ್ರಿ ಹತ್ತಕ್ಕೆ ಮಲಗಿದರೆ ನಿದ್ದೆ ಬರುತ್ತದೆ. ಸರಿಯಾಗಿ ಮೂರಕ್ಕೆ ಯಾರೋ ಭುಜ ಹಿಡಿದು ಅಲುಗಿಸಿದ ಹಾಗೆ ಎಚ್ಚರ. ಎದೆ ಢವಢವ. ಕೈ ಮೊದಲು ಹೋಗುವುದು ಫೋನಿಗೆ. ಮಳೆ ಆಪ್ ನೋಡುತ್ತೇನೆ. ಒಂದಲ್ಲ, ಮೂರು. ಒಂದು ಗುರುವಾರ ಮಳೆ ಅನ್ನುತ್ತದೆ, ಇನ್ನೊಂದು ಇಲ್ಲ ಅನ್ನುತ್ತದೆ, ಮೂರನೆಯದನ್ನು ಪಂಚಾಯ್ತಿ ಮಾಡಲಿ ಅಂತ ಇಟ್ಟುಕೊಂಡಿದ್ದೇನೆ. ಆಮೇಲೆ ಕಾಫಿ ರೇಟು. ಆಮೇಲೆ ಆನೆ ಗ್ರೂಪು, ಇವತ್ತು ಯಾರ ತೋಟಕ್ಕೆ ನುಗ್ಗಿವೆ ಅಂತ. ಅದು ಮುಗಿದ ಮೇಲೆ ಮತ್ತೆ ಮಳೆ ಆಪ್. ಈ ಇಪ್ಪತ್ತು ನಿಮಿಷದಲ್ಲಿ ಏನಾದರೂ ಬದಲಾಗಿದ್ದರೆ?

ಇದು ಹೂಮಳೆ ಕಾಯುವ ಕಾಲ. ತೋಟದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಇಂಚಾದರೂ ಬಿದ್ದರೆ ಮೊಗ್ಗು ಅರಳುತ್ತದೆ. ಇಪ್ಪತ್ತು ಸೆಂಟು ಉದುರಿಸಿ ಹೋದರೆ ಬರದೇ ಇದ್ದದ್ದೇ ವಾಸಿ, ಮೊಗ್ಗು ಅರ್ಧಕ್ಕೆ ನಿಂತು ಕರಟುತ್ತದೆ. (ಬಯಲುಸೀಮೆಯವರಿಗೆ: ನಮ್ಮಲ್ಲಿ ಮಳೆ ಲೆಕ್ಕ ಇಂಚು, ಸೆಂಟು. ನೂರು ಸೆಂಟಿಗೆ ಒಂದು ಇಂಚು.) ಅದಾಗಿ ಎರಡು ಮೂರು ವಾರಕ್ಕೆ ಇನ್ನೊಂದು ಮಳೆ ಬೇಕು, ಕಾಯಿ ಕಚ್ಚಲು. ನಮ್ಮ ಕೆರೆಯಲ್ಲಿ ಇರುವ ನೀರು ಸ್ಪ್ರಿಂಕ್ಲರ್ ಒಂದು ಸುತ್ತು ಹಾಕುವಷ್ಟು. ಈಗಲೇ ಹಾಕಲಾ, ಕಾಯಲಾ? ಹಾಕಿದ ಮಾರನೇ ದಿನ ಮಳೆ ಬಂದರೆ? ಹಾಕದೆ ಮಳೆಯೂ ಬರದಿದ್ದರೆ?

ಇಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. ಮಳೆ ಬರದಿದ್ದರೆ ಫಸಲಿಲ್ಲ. ಫಸಲಿಲ್ಲದಿದ್ದರೆ ಕಂತು. ಕಂತಿನಿಂದ ಮಗಳ ಶಾಲೆ. ಅಲ್ಲಿಂದ ಅಮ್ಮನ ಮಂಡಿ ಆಪರೇಷನ್. ಅಲ್ಲಿಂದ, ಅಪ್ಪ 64ಕ್ಕೆ ಹೋದರು, ನನಗಿನ್ನು 28 ವರ್ಷ. ಆಮೇಲೆ ಈ ತೋಟ ಯಾರಿಗೆ? ಮಗಳು ಇಲ್ಲಿ ಇರುತ್ತಾಳಾ? ಇರದಿದ್ದರೆ ಇದೆಲ್ಲ ಯಾಕೆ? ಚಾರ್ಮಾಡಿ ಘಾಟಿಯಲ್ಲಿ ಬ್ರೇಕ್ ಹೋದ ಲಾರಿ ಹಾಗೆ, ಒಂದೊಂದು ತಿರುವಿಗೂ ವೇಗ ಜಾಸ್ತಿ. ಹತ್ತು ನಿಮಿಷದಲ್ಲಿ ಹೂಮಳೆಯಿಂದ ಸಾವಿನ ತನಕ ಬಂದಿರುತ್ತೇನೆ.

ರೇಟು ಬಿದ್ದಾಗ ಹೀಗಾದರೆ ಒಪ್ಪಬಹುದು. 2024-25ರಲ್ಲಿ ಹಿಂದೆಂದೂ ಇಲ್ಲದ ರೇಟು ಬಂತಲ್ಲ, ಆಗಲೂ ನಿದ್ದೆ ಇರಲಿಲ್ಲ. ಇವತ್ತು ಕೊಟ್ಟು ನಾಳೆ ಏರಿದರೆ ಅಂತ.

ಪಕ್ಕದಲ್ಲಿ ಒಂದು ಹೋಂಸ್ಟೇ ಇದೆ. ಬೆಂಗಳೂರಿಂದ ಬಂದವರು ಬೇಲಿ ಹತ್ತಿರ ನಿಂತು "ಎಷ್ಟು ನೆಮ್ಮದಿ ಸಾರ್ ಇಲ್ಲಿ" ಅನ್ನುತ್ತಾರೆ. ಹೌದು ಅಂತ ನಗುತ್ತೇನೆ.

ಯಾರಿಗಾದರೂ ಹೀಗೆ ಆಗಿದೆಯಾ? ಏನು ಮಾಡಿದಿರಿ? "ಜಾಸ್ತಿ ಯೋಚನೆ ಮಾಡಬೇಡ" ಅಂತ ಮಾತ್ರ ಹೇಳಬೇಡಿ, ಕೈ ಮುಗಿಯುತ್ತೇನೆ.

---

ಹೇಮಾವತಿ_ದಡ (ಹಾಸನ), ಬೆಳಿಗ್ಗೆ 6:45

ಅಣ್ಣ, ನನ್ನ ಕಥೆ ಕೇಳಿ.

ಎರಡು ಮಳೆಗಾಲದ ಹಿಂದೆ ಮಂಗಳೂರಿಂದ ಹಾಸನಕ್ಕೆ ಬಸ್ಸಲ್ಲಿ ಬರುತ್ತಿದ್ದೆ. ಗುಂಡ್ಯ ದಾಟಿ ಶಿರಾಡಿ ಘಾಟಿಯಲ್ಲಿ ಎಲ್ಲೋ ಮುಂದೆ ಮಣ್ಣು ಜಾರಿದೆ ಅಂತ ಗಾಡಿಗಳು ನಿಂತವು. ಕಿಟಕಿ ಹಾಕಿದ್ದರು, ಹೊರಗೆ ಜಡಿಮಳೆ. ಒಂದು ಗಂಟೆ ಆಯಿತು. ಇದ್ದಕ್ಕಿದ್ದ ಹಾಗೆ ಉಸಿರು ಸಾಲದು ಅನ್ನಿಸಿತು. ಬೆರಳ ತುದಿ ಜೋಮು. ಬೆವರು. ಎದೆಯಲ್ಲಿ ಯಾರೋ ಬಟ್ಟೆ ಹಿಂಡಿದ ಹಾಗೆ. ಸತ್ತೆ ಅಂತಲೇ ಅಂದುಕೊಂಡೆ. ಪಕ್ಕದ ಅಜ್ಜಿ ಚೀಲದಿಂದ ನಿಂಬೆಹಣ್ಣು ತೆಗೆದು, ಉಗುರಲ್ಲಿ ಗೀರಿ ಮೂಗಿಗೆ ಹಿಡಿದರು. "ಮೂಸು ಮಗಾ, ನಿಧಾನಕ್ಕೆ ಮೂಸು." ಮೂಸಬೇಕಾದರೆ ಉಸಿರು ನಿಧಾನ ಮಾಡಲೇಬೇಕಲ್ಲ. ಕಾಲು ಗಂಟೆಗೆ ಇಳಿಯಿತು. ಆ ಅಜ್ಜಿಗೆ ಗೊತ್ತಿದ್ದು ಮಾಡಿದರೋ, ವಾಂತಿ ಅಂದುಕೊಂಡು ಮಾಡಿದರೋ, ಇವತ್ತಿಗೂ ಗೊತ್ತಿಲ್ಲ.

ಮಾರನೇ ದಿನ ಆಸ್ಪತ್ರೆಗೆ ಹೋದೆ. ಇಸಿಜಿ, ಎಕೋ, ರಕ್ತ, ಎಲ್ಲ ನಾರ್ಮಲ್. ಡಾಕ್ಟರು ಮುಖ ನೋಡದೆ "ಗ್ಯಾಸ್ಟ್ರಿಕ್" ಅಂದರು. ಆ ಒಂದು ಪದ ಇಲ್ಲದಿದ್ದರೆ ನಮ್ಮ ಅರ್ಧ ಡಾಕ್ಟರುಗಳಿಗೆ ಬಾಯೇ ಬರುತ್ತಿರಲಿಲ್ಲ ಅನ್ನಿಸುತ್ತೆ. ಎಂಟು ತಿಂಗಳು ಗ್ಯಾಸ್ಟ್ರಿಕ್ ಮಾತ್ರೆ ನುಂಗಿದೆ. ಮತ್ತೆ ನಾಲ್ಕು ಸಲ ಹಾಗೇ ಆಯಿತು. ಬಸ್ ಹತ್ತುವುದೇ ಬಿಟ್ಟೆ. ಆಮೇಲೆ ಲಿಫ್ಟು. ಆಮೇಲೆ ಮದುವೆ ಮನೆ ಊಟದ ಪಂಕ್ತಿ, ಮಧ್ಯದಲ್ಲಿ ಕೂತರೆ ಏಳೋಕೆ ಆಗಲ್ಲ ಅಂತ. ನೋಡ್ತಾ ನೋಡ್ತಾ ಊರೇ ಚಿಕ್ಕದಾಯಿತು.

ಕೊನೆಗೆ ನನ್ನಾಕೆ ಹಟ ಮಾಡಿ ಮನೋವೈದ್ಯರ ಹತ್ತಿರ ಕಳಿಸಿದಳು. ಬೈಕನ್ನು ಎರಡು ಬೀದಿ ಆಚೆ ನಿಲ್ಲಿಸಿ ಹೋದೆ. ಒಳಗೆ ಬೆಂಚಲ್ಲಿ ನಮ್ಮ ಬೀದಿಯವರೇ ಒಬ್ಬರು ಕೂತಿದ್ದರು! ಅವರು "ಫ್ರೆಂಡ್ ನೋಡೋಕೆ ಬಂದೆ" ಅಂದರು. ನಾನೂ "ಫ್ರೆಂಡ್" ಅಂದೆ. ಇಬ್ಬರೂ ಕೈಯಲ್ಲಿ ಟೋಕನ್ ಹಿಡಿದುಕೊಂಡೇ ಇದ್ದೆವು.

ಈಗ ವಾಸಿ. ಪೂರ್ತಿ ಹೋಗಿದೆ ಅಂತ ಸುಳ್ಳು ಹೇಳಲ್ಲ. ಬಸ್ಸಲ್ಲಿ ಓಡಾಡುತ್ತೇನೆ, ಜೇಬಲ್ಲಿ ನಿಂಬೆಹಣ್ಣು ಇರುತ್ತೆ.

---

ಕಲ್ಪತರು_ನಾಡು (ಅರಸೀಕೆರೆ), ಬೆಳಿಗ್ಗೆ 8:10

ಕೋಪ ಮಾಡ್ಕೋಬೇಡಿ ಗುರು, ಮನಸಲ್ಲಿದ್ದದ್ದು ಹೇಳ್ತೀನಿ. ನಮ್ಮ ಕಡೆ ಒಂಬೈನೂರು ಅಡಿ ಬೋರ್ ಕೊರೆಸಿದರೂ ಬರೀ ದೂಳು. ತೆಂಗಿನ ಮರ ಕಣ್ಣೆದುರಿಗೆ ತಲೆ ಒಣಗಿಸಿಕೊಂಡು ನಿಲ್ಲುತ್ತೆ. ನಿಮಗೆ ಕೆರೆ ಇದೆ, ಸ್ಪ್ರಿಂಕ್ಲರ್ ಇದೆ, ಆದರೂ ನಿದ್ದೆ ಇಲ್ಲ ಅಂತೀರಿ. ನಮ್ಮ ತಾತಂಗೆ ಹನ್ನೊಂದು ಮಕ್ಕಳು, ನಾಲ್ಕು ತೀರಿಹೋದವು. ಅವರಿಗೆ ಆಂಗ್ಸೈಟಿ ಇತ್ತಾ? ಬೆಳಿಗ್ಗೆ ಎದ್ದು ನೇಗಿಲು ಹಿಡಿಯೋರು. ಮೈ ಬಗ್ಗಿ ದುಡಿದರೆ ನಿದ್ದೆ ತಾನಾಗೇ ಬರುತ್ತೆ ಅಂತ ನನ್ನ ಲೆಕ್ಕ.

---

ಸಂತೆಪೇಟೆ_ಅಕ್ಕ (ಹಾಸನ), ಬೆಳಿಗ್ಗೆ 11:30

ಅಡುಗೆ ಮುಗಿಸಿ ಕೂತೆ. ಕಲ್ಪತರು ಅವರೇ, ನಿಮ್ಮ ತಾತನಿಗೆ ಇತ್ತೋ ಇಲ್ಲವೋ ನಿಮಗೆ ಹೇಗೆ ಗೊತ್ತು? ಗಂಡಸರು ಹೇಳಿಕೊಳ್ಳುವ ಕಾಲವಾ ಅದು? ನನ್ನ ಅಜ್ಜಿ ಊರಲ್ಲಿ ವಾರಕ್ಕೆ ಒಬ್ಬರಿಗಾದರೂ "ದಿಗಿಲು ಬಿದ್ದಿದೆ", "ಗಾಳಿ ಸೋಕಿದೆ" ಅಂತ ನೂಲು ಕಟ್ಟಿಸುತ್ತಿದ್ದರು, ಅಂತ್ರ ಹಾಕಿಸುತ್ತಿದ್ದರು. ಎದೆ ಬಡಿತ, ಊಟ ಸೇರಲ್ಲ, ನಿದ್ದೆ ಇಲ್ಲ, ಸುಮ್ಮನೆ ಅಳು. ಈಗ ನೀವೆಲ್ಲ ಇಲ್ಲಿ ಹೇಳುತ್ತಿರುವುದೇ. ಕಾಯಿಲೆ ಹಳೇದು, ಹೆಸರು ಹೊಸದು.

ನನ್ನ ವಿಚಾರ ಹೇಳ್ತೀನಿ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತಾರೆ. ನಾನು ಇಪ್ಪತ್ತೆರಡು ವರ್ಷದಿಂದ ಸಂತೆಪೇಟೆಯಲ್ಲೇ ಇದ್ದೀನಿ, ನಿದ್ದೆ ಮಾತ್ರ ಇರಲಿಲ್ಲ.

ಒಬ್ಬರು ಆಪ್ತ ಸಮಾಲೋಚಕಿ ಒಂದು ಉಪಾಯ ಹೇಳಿಕೊಟ್ಟರು. ಚಿಂತೆ ಬಿಡಬೇಡಿ, ಅದಕ್ಕೊಂದು ಟೈಮ್ ಕೊಡಿ ಅಂದರು. ಸಂಜೆ ಆರರಿಂದ ಆರು ಇಪ್ಪತ್ತು. ಮಿಕ್ಕ ಹೊತ್ತಲ್ಲಿ ಬಂದರೆ ಒಂದು ಸಾಲು ಬರೆದಿಟ್ಟು "ಆರಕ್ಕೆ ಬಾ" ಅನ್ನಬೇಕು. ಮೊದಲು ನಗು ಬಂತು. ಆದರೂ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆಯೋಕೆ ಶುರು ಮಾಡಿದೆ. ಈಗ ಎದುರಿಗೇ ಇದೆ, ಒಂದು ದಿನದ್ದು ಹಾಗೇ ಇಳಿಸುತ್ತೇನೆ:

ಗ್ಯಾಸ್ ಆಫ್ ಮಾಡಿದ್ನಾ.
ಮಗನಿಗೆ ಹುಡುಗಿ ಸಿಗುತ್ತಾ.
ಎಡಗಡೆ ಕಂಕುಳಲ್ಲಿ ಗಂಟು?
ನಾದಿನಿ ಗೃಹಪ್ರವೇಶದಲ್ಲಿ "ನಿಮಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತೆ" ಅಂದಳಲ್ಲ, ಏನರ್ಥ. (ಇದು 2011ರದು!)

ಆರು ಗಂಟೆಗೆ ಪುಸ್ತಕ ತೆಗೆದರೆ ಅರ್ಧ ಸತ್ತು ಹೋಗಿರುತ್ತವೆ. ಗ್ಯಾಸ್ ಆಫ್ ಆಗಿರುತ್ತೆ. ಗಂಟು ಮಾತ್ರ ಹೋಗಿ ತೋರಿಸಿಕೊಂಡು ಬಂದೆ, ಏನಿಲ್ಲ. ಹಾಗೆ ನೋಡಿದರೆ ನಾಲ್ಕರಲ್ಲಿ ಕೈಯಿಂದ ಏನಾದರೂ ಮಾಡುವಂಥದ್ದು ಅದೊಂದೇ. ನಾದಿನಿದು ಇನ್ನೂ ಬಗೆಹರಿದಿಲ್ಲ.

---

ಪಿಜಿ_ರೂಂ_204 (ಊರು ಬೇಲೂರು, ಸದ್ಯ ಬೆಂಗಳೂರು), ಮಧ್ಯಾಹ್ನ 1:05

ಅಕ್ಕಾ 2011 ಓದಿ ಬಸ್ ಸ್ಟಾಪಲ್ಲಿ ಜೋರಾಗಿ ನಕ್ಕುಬಿಟ್ಟೆ 😄 ನಂದು ಇನ್ನೂ ಚಿಲ್ಲರೆ. ಮೆಸೇಜ್ ಕಳಿಸಿ ಎರಡು ನೀಲಿ ಗೆರೆ ಬಂದು ಉತ್ತರ ಬರದಿದ್ದರೆ ಅವತ್ತಿನ ಓದು ಮುಗೀತು. ಕೆಎಎಸ್‌ಗೆ ಓದ್ತಿದ್ದೀನಿ, ಮೂರನೇ ವರ್ಷ. ಮನೆಯಿಂದ ಫೋನ್ ಬಂದರೆ "ಊಟ ಆಯ್ತಾ" ಅಂತ ಅಮ್ಮ ಕೇಳೋದೂ "ಯಾವಾಗ ಆಗುತ್ತೆ" ಅಂತಲೇ ಕೇಳಿಸುತ್ತೆ.

---

ನೈಟ್_ಡ್ಯೂಟಿ (ಚಿಕ್ಕಮಗಳೂರು), ಮಾರ್ಚ್ 5, ಮಧ್ಯಾಹ್ನ 3:00

ನಾನು ಮನೋವೈದ್ಯೆ ಅಲ್ಲ, ಸ್ಟಾಫ್ ನರ್ಸ್. ನೋಡಿದ್ದು ಹೇಳುತ್ತೇನೆ, ಔಷಧಿ ವಿಚಾರ ಡಾಕ್ಟರ ಹತ್ತಿರವೇ ಮಾತಾಡಿ.

ಮಳೆ ಲೆಕ್ಕದವರೇ, ಮೂರು ಗಂಟೆಗೇ ಯಾಕೆ ಅಂದರೆ, ರಾತ್ರಿಯ ಎರಡನೇ ಅರ್ಧದಲ್ಲಿ ನಿದ್ದೆ ಎಲ್ಲರಿಗೂ ತೆಳು. ಬೇರೆಯವರು ಎಚ್ಚರವಾಗಿ ಮಗ್ಗುಲು ಬದಲಿಸುತ್ತಾರೆ, ನೀವು ಫೋನ್ ತೆಗೆಯುತ್ತೀರಿ. ಫೋನನ್ನು ಬೇರೆ ಕೋಣೆಯಲ್ಲಿ ಇಡಿ. ಇದು ಹೇಳಿ ಹೇಳಿ ಹಳಸಿದ ಮಾತು, ಆದರೂ ಇಡಿ.

ಇನ್ನೊಂದು ಕೇಳಬೇಕು. ದಿನಕ್ಕೆ ಎಷ್ಟು ಕಾಫಿ? ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ಕೇಳಿದರೆ ಕೆಲವರು ಬೈದಂತೆ ಆಡುತ್ತಾರೆ. ತೋಟದ ಮನೆಗಳಲ್ಲಿ ಒಳ್ಳೇ ಅರೇಬಿಕಾ ಮಾರಿ, ಮನೆ ಖರ್ಚಿಗೆ ರೋಬಸ್ಟಾ ಪುಡಿ ಮಾಡಿಸುವುದು ನೋಡಿದ್ದೇನೆ. ಅರೇಬಿಕಾಗಿಂತ ರೋಬಸ್ಟಾದಲ್ಲಿ ಕೆಫೀನ್ ಸುಮಾರು ಎರಡು ಪಟ್ಟು. ಕುಡಿದ ಐದು ಗಂಟೆ ಆದ ಮೇಲೂ ಅರ್ಧದಷ್ಟು ಮೈಯಲ್ಲೇ ಇರುತ್ತದೆ. ಸಂಜೆ ಆರಕ್ಕೆ ಲೋಟ ಇಳಿಸಿದರೆ ರಾತ್ರಿ ಹನ್ನೊಂದಕ್ಕೆ ಅರ್ಧ ಲೋಟ ಇನ್ನೂ ಒಳಗೆ ಕೆಲಸ ಮಾಡುತ್ತಿರುತ್ತದೆ. ಎದೆ ಬಡಿತ, ಕೈ ನಡುಕ ಅದರಿಂದಲೂ ಬರಬಹುದು. ಥೈರಾಯ್ಡ್ ಜಾಸ್ತಿ ಕೆಲಸ ಮಾಡುತ್ತಿದ್ದರೂ ಹೀಗೇ ಆಗುತ್ತದೆ, ಹಾಗಾಗಿ ಒಂದು ರಕ್ತ ಪರೀಕ್ಷೆ ಮಾಡಿಸಿಬಿಡಿ.

ಹೇಮಾವತಿ ದಡದವರಿಗೆ ಆದದ್ದನ್ನು ಪ್ಯಾನಿಕ್ ಅಟ್ಯಾಕ್ ಅನ್ನುತ್ತಾರೆ. ಸಾಮಾನ್ಯವಾಗಿ ಹತ್ತು ನಿಮಿಷದ ಒಳಗೆ ತುದಿ ಮುಟ್ಟಿ ಇಳಿಯತೊಡಗುತ್ತದೆ. ಆದರೆ ಎದೆನೋವು ಮೊದಲ ಸಲ ಬಂದಾಗ ಇದು ಅದೇ ಅಂತ ನೀವೇ ತೀರ್ಮಾನ ಮಾಡಬೇಡಿ. ಇಸಿಜಿ ಮಾಡಿಸಿದ್ದು ಸರಿಯೇ, ಅಲ್ಲಿಗೇ ಕೈ ತೊಳೆದುಕೊಂಡದ್ದು ತಪ್ಪು.

ಹೆಚ್ಚಿನ ದಿನ ಎಲ್ಲದರ ಬಗ್ಗೆ ಚಿಂತೆ, ತಡೆಯೋಕೆ ಆಗುತ್ತಿಲ್ಲ, ಆರು ತಿಂಗಳಾದರೂ ಬಿಟ್ಟಿಲ್ಲ ಅಂದರೆ ಅದು ಸ್ವಭಾವ ಅಂತ ಸುಮ್ಮನಿರಬೇಡಿ. ಮಾತಿನ ಚಿಕಿತ್ಸೆ ಇದೆ, ಮಾತ್ರೆ ಇದೆ. ಮಾತ್ರೆ ನಾಟಲು ಕೆಲವು ವಾರ ಬೇಕು. ನಾಲ್ಕು ದಿನ ನುಂಗಿ "ಏನೂ ಆಗಲಿಲ್ಲ" ಅಂತ ಬಿಡುವವರೇ ಜಾಸ್ತಿ. ಮೆಡಿಕಲ್ ಶಾಪಲ್ಲಿ ಪರಿಚಯದ ಮೇಲೆ ನಿದ್ದೆ ಮಾತ್ರೆ ತೆಗೆದುಕೊಳ್ಳುವುದು ಬೇಡವೇ ಬೇಡ, ಅಭ್ಯಾಸ ಹತ್ತಿದರೆ ಬಿಡಿಸುವುದು ಕಷ್ಟ.

ಊರಿಂದ ಹೊರಗೆ ಬರೋಕೆ ಮುಜುಗರ ಅನ್ನುವವರಿಗೆ ಟೆಲಿ ಮಾನಸ್ ಅನ್ನುವ ಫೋನ್ ಸಹಾಯವಾಣಿ ಇದೆ, ನಂಬರ್ 14416. 2022ರಲ್ಲಿ ಸರ್ಕಾರ ಶುರು ಮಾಡಿದ್ದು. ದುಡ್ಡಿಲ್ಲ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡುತ್ತಾರೆ. ರಾತ್ರಿ ಮೂರಕ್ಕೂ ಎತ್ತುತ್ತಾರೆ. ಬದುಕೇ ಬೇಡ ಅನ್ನಿಸುವಷ್ಟಕ್ಕೆ ಹೋಗಿದ್ದರೆ ಅಷ್ಟು ಹೊತ್ತೂ ಕಾಯಬೇಡಿ, ಮನೆಯವರನ್ನು ಎಬ್ಬಿಸಿ.

---

ಮಳೆ_ಲೆಕ್ಕ, ರಾತ್ರಿ 8:15

ಸಿಸ್ಟರ್, ಸಿಕ್ಕಿಬಿದ್ದೆ. ದಿನಕ್ಕೆ ಆರು ಲೋಟ. ಪೂರಾ ರೋಬಸ್ಟಾ, ಚಿಕೋರಿ ಒಂದು ಚಿಟಿಕೆಯೂ ಇಲ್ಲ. ಕೊನೇದು ರಾತ್ರಿ ಊಟ ಆದ ಮೇಲೆ.

---

ಬೆಳಗೊಳದ_ಮೇಷ್ಟ್ರು (ಚನ್ನರಾಯಪಟ್ಟಣ ತಾಲ್ಲೂಕು), ಮಾರ್ಚ್ 6, ಬೆಳಿಗ್ಗೆ 5:50

"ಇದೆಲ್ಲ ಯಾಕೆ" ಅಂತ ಕೇಳಿದಿರಲ್ಲ, ಅದನ್ನು ಯಾರೂ ಮುಟ್ಟಲಿಲ್ಲ. ನಾನು ನಿವೃತ್ತ ಪ್ರೈಮರಿ ಮೇಷ್ಟ್ರು, ನನಗೆ ಪುರುಸೊತ್ತಿದೆ.

ನಮ್ಮೂರಲ್ಲಿ ಆಯಸ್ಸು ಅಳೆಯಲು ಬೇರೆಯೇ ಅಳತೆಗೋಲು. ಮಸ್ತಕಾಭಿಷೇಕ. 1967ರದ್ದನ್ನು ಅಪ್ಪನ ಹೆಗಲ ಮೇಲೆ ಕೂತು ನೋಡಿದೆ. ಗೊಮ್ಮಟನಿಗೆ ಸಾವಿರ ವರ್ಷ ಅಂತ 1981ರಲ್ಲಿ ಆದಾಗ ಸ್ವಯಂಸೇವಕನಾಗಿ ನೀರು ಹೊತ್ತೆ. 1993ರಲ್ಲಿ ಹೆಂಡತಿ ಜೊತೆ, 2006ರಲ್ಲಿ ಮಕ್ಕಳ ಜೊತೆ. 2018ರಲ್ಲಿ ಒಬ್ಬನೇ, ಅವಳು ಅಷ್ಟರಲ್ಲಿ ಹೋಗಿದ್ದಳು. ಇನ್ನು 2030. ಅದು ಸಿಗಬಹುದು. ಅದರ ಮುಂದಿನದಕ್ಕೆ ನನಗೆ 84. ಮೂರು ವರ್ಷದ ಹಿಂದೆ ಈ ಲೆಕ್ಕ ತಲೆಗೆ ಹೊಕ್ಕಿತು ನೋಡಿ, ಹೊರಗೆ ಬರಲೇ ಇಲ್ಲ. ಬೆಟ್ಟ ಕಂಡರೆ ಲೆಕ್ಕ. ಮನೆ ಬಾಗಿಲು ತೆಗೆದರೆ ಬೆಟ್ಟ.

ಮಕ್ಕಳನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತಿದ್ದ ದಿನಗಳಲ್ಲಿ ಒಂದು ಹುಡುಗಿ ಕೇಳಿದ್ದಳು: "ಸಾರ್, ಬಳ್ಳಿ ಹತ್ತೋ ತನಕ ನಿಂತಿದ್ದನಲ್ಲ, ಏನು ಯೋಚನೆ ಮಾಡ್ತಿದ್ದ?" ಆರುನೂರು ಚಿಲ್ಲರೆ ಮೆಟ್ಟಿಲು ಹತ್ತಿ ಎಲ್ಲರೂ ಏದುಸಿರು ಬಿಡುತ್ತಿದ್ದರು, ಇವಳಿಗೆ ಇದು. ಕಥೆ ನಿಮಗೂ ಗೊತ್ತಿರಬಹುದು. ಬಾಹುಬಲಿ ಗೆದ್ದ ರಾಜ್ಯ ಬಿಟ್ಟ, ಬಟ್ಟೆ ಬಿಟ್ಟ, ಅನ್ನ ನೀರು ಬಿಟ್ಟ. ಒಂದು ವರ್ಷ ನಿಂತ. ಆದರೂ ಜ್ಞಾನ ಬರಲಿಲ್ಲ, ಯಾಕೆಂದರೆ ಒಂದು ಯೋಚನೆ ಒಳಗೇ ಚುಚ್ಚುತ್ತಿತ್ತು: ನಾನು ಕಾಲಿಟ್ಟಿರುವ ಈ ನೆಲ ಅಣ್ಣ ಭರತನದು. ಕೊನೆಗೆ ಭರತನೇ ಬಂದು ಕೈ ಮುಗಿದ ಮೇಲೆ ಅದು ಬಿಟ್ಟುಹೋಯಿತಂತೆ. ಆ ಹುಡುಗಿ ಒಂದು ಕ್ಷಣ ಸುಮ್ಮನಿದ್ದು, "ಒಂದು ವರ್ಷ ಅದೊಂದೇನಾ ಸಾರ್? ಮೊದಲೇ ಅಣ್ಣನ್ನ ಕೇಳಬಹುದಿತ್ತು" ಅಂದಳು.

ನನ್ನ ಲೆಕ್ಕವನ್ನು ನಾನು ಕೇಳಿದ್ದು ಸೊಸೆಯನ್ನು. ಅವಳು ಪಾತ್ರೆ ತೊಳೆಯುತ್ತಾ, "2030ಕ್ಕೆ ನಿಮ್ಮನ್ನ ಎತ್ತಿಕೊಂಡಾದರೂ ಹತ್ತಿಸ್ತೀವಿ ಮಾವ, ಈಗ ತೊಗರಿಕಾಯಿ ಬಿಡಿಸಿಕೊಡಿ" ಅಂದಳು. ಬಿಡಿಸಿಕೊಟ್ಟೆ.

---

ಕಲ್ಪತರು_ನಾಡು, ಮಾರ್ಚ್ 6, ರಾತ್ರಿ 9:40

ಮೊನ್ನೆ ಜೋರಾಗಿ ಮಾತಾಡಿದೆ. ಮನೆಯಲ್ಲಿ ಅಮ್ಮನನ್ನ ಕೇಳಿದೆ, ತಾತ ಹೇಗಿದ್ರು ಅಂತ. "ನಾಲ್ಕನೇ ಮಗು ಹೋದ ಮೇಲೆ ಎರಡು ವರ್ಷ ಯಾರ ಹತ್ರನೂ ಮಾತಾಡಲಿಲ್ಲವಂತೆ, ಹೊಲದಲ್ಲೇ ಮಲಗೋರಂತೆ" ಅಂದರು. ಇದು ನನಗೆ ಗೊತ್ತೇ ಇರಲಿಲ್ಲ. ಅಷ್ಟೇ ಹೇಳೋಕೆ ಬಂದೆ.

---

ಮಳೆ_ಲೆಕ್ಕ, ಮಾರ್ಚ್ 21, ಸಂಜೆ 7:30

ಎಲ್ಲರಿಗೂ ಒಂದು ವರದಿ ಕೊಡಬೇಕು.

ಥೈರಾಯ್ಡ್ ನಾರ್ಮಲ್. ಮನೋವೈದ್ಯರನ್ನು ನೋಡಿದೆ, ಬೈಕನ್ನು ಬಾಗಿಲ ಮುಂದೆಯೇ ನಿಲ್ಲಿಸಿದೆ. ಸದ್ಯಕ್ಕೆ ಮಾತ್ರೆ ಬೇಡ, ವಾರಕ್ಕೊಮ್ಮೆ ಬಂದು ಮಾತಾಡಿ ಅಂದಿದ್ದಾರೆ. ಕಾಫಿ ಎರಡು ಲೋಟಕ್ಕೆ ಇಳಿಸಿದೆ, ಮೊದಲ ನಾಲ್ಕು ದಿನ ತಲೆನೋವಲ್ಲಿ ಮನೆಯವರ ಮೇಲೆಲ್ಲ ಹಾರಾಡಿದೆ. ಫೋನ್ ಈಗ ಅಡುಗೆಮನೆಯಲ್ಲಿ ಫಿಲ್ಟರ್ ಪಕ್ಕ ಮಲಗುತ್ತದೆ. ಎರಡು ರಾತ್ರಿ ಕಳ್ಳನ ಹಾಗೆ ಹೋಗಿ ನೋಡಿಬಂದೆ.

ಎರಡನೇ ಸಲ ಅಮ್ಮನಿಗೆ ಎಚ್ಚರವಾಯಿತು. ಲೈಟ್ ಹಾಕಿ, "ನೀನೂ ಶುರು ಮಾಡಿದೆಯಾ" ಅಂದರು. ನಾನೂ ಅಂದರೆ? ಅಪ್ಪ ವರ್ಷಾನುಗಟ್ಟಲೆ ನಡುರಾತ್ರಿ ಟಾರ್ಚ್ ಹಿಡಿದು ಕಣದ ಸುತ್ತ ಓಡಾಡುತ್ತಿದ್ದರಂತೆ. ಕೇಳಿದರೆ "ಆನೆ ಬಂದ ಹಾಗಾಯಿತು" ಅನ್ನುತ್ತಿದ್ದರಂತೆ. ಅಮ್ಮ ಹೇಳಿದ್ದು: "ಆಗ ನಮ್ಮೂರಿಗೆ ಆನೆಯೇ ಬರ್ತಿರಲಿಲ್ಲ ಮಾರಾಯ."

ಅಪ್ಪನ ಮಳೆ ಪುಸ್ತಕ ನನ್ನ ಹತ್ತಿರ ಇದೆ. ಮೂವತ್ತೊಂದು ವರ್ಷದ್ದು, ದಿನ, ಇಂಚು, ಸೆಂಟು. ಮುತ್ತಿನಂಥ ಅಕ್ಷರ. ಅದನ್ನು ನೋಡಿಯೇ ನಾನು, ಅಪ್ಪ ಎಷ್ಟು ಗಟ್ಟಿ, ನಾನೆಷ್ಟು ಪುಕ್ಕಲ ಅಂದುಕೊಳ್ಳುತ್ತಿದ್ದೆ. ಟಾರ್ಚಿನ ವಿಷಯ ಅದರಲ್ಲಿ ಒಂದು ಸಾಲೂ ಇಲ್ಲ.

ಡಾಕ್ಟರ ಹತ್ತಿರ ಇದನ್ನು ಹೇಳುವಾಗ ಬಾಯಿಂದ ತಾನಾಗೇ ಒಂದು ಮಾತು ಬಂತು. ನಾನು ಚಿಂತೆಯನ್ನು ಜವಾಬ್ದಾರಿ ಅಂದುಕೊಂಡಿದ್ದೇನೆ. ಮೂರು ಗಂಟೆಗೆ ಎದ್ದು ಮಳೆ ಆಪ್ ನೋಡುವುದು ನನ್ನ ಲೆಕ್ಕದಲ್ಲಿ ತೋಟದ ಕೆಲಸ. ನೆರಳು ಮರ ಸವರುವ ಮರಗಸಿ, ಗೊಬ್ಬರ, ಚಿಂತೆ. ನೋಡದೇ ಮಲಗಿದರೆ ನನ್ನ ಅಜಾಗ್ರತೆಗೇ ಮಳೆ ತಪ್ಪಿತು ಅನ್ನೋ ಹಾಗೆ. ಇದು ಗೊತ್ತಾದ ಮಾತ್ರಕ್ಕೆ ಎದೆ ಬಡಿತ ನಿಂತಿಲ್ಲ. ವಾರದಲ್ಲಿ ಮೂರು ದಿನ ಈಗಲೂ ಎಚ್ಚರವಾಗುತ್ತದೆ. "ಯಾರಿಗೆ, ಯಾಕೆ" ಅನ್ನೋ ಪ್ರಶ್ನೆಗೂ ಉತ್ತರ ಸಿಕ್ಕಿಲ್ಲ. ಆದರೆ ಅದು ಬೆಳಿಗ್ಗೆ ಹನ್ನೊಂದಕ್ಕೆ ಬಂದರೆ ಅಷ್ಟು ಹೆದರಿಸುವುದಿಲ್ಲ, ಅದನ್ನು ಗಮನಿಸಿದ್ದೇನೆ.

ಸ್ಪ್ರಿಂಕ್ಲರ್ ಕಥೆ ಕೇಳಿ. ಕಾದು ಕಾದು 10ನೇ ತಾರೀಖು ಹಾಕಿಸಿದೆ. ಕೆರೆ ತಳ ಕಂಡಿತು. 12ರ ಸಂಜೆ ಗುಡುಗಿ ಒಂದು ಇಂಚು ಹತ್ತು ಸೆಂಟು ಸುರಿಯಿತು! ಯಾವುದಕ್ಕೆ ಒಂದು ತಿಂಗಳು ಹೆದರಿದ್ದೆನೋ ಅದೇ ಆಯಿತು. ಡೀಸೆಲ್ ದುಡ್ಡು ದಂಡ. ಒಂದು ದಿನ ಪೂರ್ತಿ ಮುಖ ಊದಿಸಿಕೊಂಡಿದ್ದೆ. ಅವತ್ತು ರಾತ್ರಿ ನಿದ್ದೆ ಮಾತ್ರ ಚೆನ್ನಾಗಿ ಬಂತು, ಯಾಕೋ.

ಈಗ ತೋಟ ಪೂರ್ತಿ ಬೆಳ್ಳಗಿದೆ. ಬೆಳಿಗ್ಗೆ ಜೇನುಹುಳದ ಸದ್ದಿಗೆ ಮಾತಾಡಿದ್ದು ಕೇಳಿಸಲ್ಲ. ಮಗಳು ಹೂ ಕಿತ್ತು ಗೊಂಬೆಗೆ ಮುಡಿಸಿದ್ದಾಳೆ. ಒಂದು ಹೂ ಅಂದರೆ ಒಂದು ಹಣ್ಣು ಅಂತ ಬೈಯಲು ಬಾಯಿ ತೆಗೆದು ಸುಮ್ಮನಾದೆ.

ನಿನ್ನೆಯಿಂದ ಎರಡನೇ ಮಳೆಯ ಚಿಂತೆ ಶುರುವಾಗಿದೆ. ಏಪ್ರಿಲ್ ಮೊದಲ ವಾರ ಬಂದರೆ ಸರಿ. ಬರದಿದ್ದರೆ ಕೆರೆಯಲ್ಲಿ ನೀರೂ ಇಲ್ಲ.

---

ಕಲ್ಪತರು_ನಾಡು, ರಾತ್ರಿ 8:02

ಆ ಹತ್ತು ಸೆಂಟಾದರೂ ಈ ಕಡೆ ಕಳಿಸಿ ಗುರು.

---

ಸಂತೆಪೇಟೆ_ಅಕ್ಕ, ರಾತ್ರಿ 8:20

ಈಗ ಟೈಮ್ ಎಂಟು ಇಪ್ಪತ್ತು. ಎರಡನೇ ಮಳೆಯನ್ನ ಪುಸ್ತಕದಲ್ಲಿ ಬರೆದಿಡಿ, ನಾಳೆ ಆರಕ್ಕೆ ನೋಡಿದರಾಯಿತು.